ಗೋಡೆಗೆ ಮುಖ ಮಾಡಿದ ನದಿ

ಚಿತ್ರಕಲೆ ತರಗತಿಯ ಐದನೇ ಭಾನುವಾರ ನನ್ನ ಅತ್ತೆ ಮೂರು ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತಲೇ ಕನ್ನಡಕ ಒರೆಸಿ ಹಾಕಿಕೊಂಡು ನನ್ನ ಚಿತ್ರದ ಮುಂದೆ ನಿಂತು, "ಇದು ನಿನ್ನ ಕೈ ಅಲ್ಲ," ಎಂದರು.

ಅದು ಮನೆಯವರನ್ನು ಕರೆತರಬಹುದಾದ ದಿನ. ಸುತ್ತ ಎಂಟು ಕ್ಯಾನ್ವಾಸುಗಳು, ಎಂಟು ಕುಟುಂಬಗಳು. ಎಲ್ಲರಿಗೂ ಕೇಳಿಸಿತು.

"ಹಾಗಂದ್ರೆ?"

"ಹಾಗಂದ್ರೆ ಹಾಗೇ. ನಿನ್ನ ಕೈ ನನಗೆ ಗೊತ್ತಿಲ್ವಾ? ಒಂದು ಗುಂಡಿ ಹೊಲಿಯೋಕೆ ಹನ್ನೆರಡು ಸಲ ದಾರ ಸುತ್ತೋಳು ನೀನು. ಇಲ್ಲಿ ನೋಡು, ಒಂದು ಸಲ ಇಟ್ಟು ಕೈ ಎತ್ತಿದ್ದಾರೆ. ಮತ್ತೆ ಮುಟ್ಟೇ ಇಲ್ಲ. ಇದು ಧೈರ್ಯ ಇರೋರ ಕೈ ತಾಯಿ, ನಿಂದಲ್ಲ."

ಅತ್ತೆ ಮೂವತ್ತೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಕೂತು ಹೊಲಿಗೆ ಪರೀಕ್ಷಿಸಿದವರು. ನೂರು ಅಂಗಿಗಳ ರಾಶಿಯಲ್ಲಿ ಯಾವ ಕಾಲರನ್ನು ಯಾರು ಹೊಲಿದದ್ದೆಂದು ಹೇಳುತ್ತಿದ್ದರಂತೆ. ನಾನು ಲೋಕಲ್ ರೈಲಿನಲ್ಲಿ ಟಿಕೆಟ್ ಚೆಕ್ಕರ್. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಸುಮ್ಮನೆ ನಂಬುವುದಿಲ್ಲ. ಹಾಲು ಉಕ್ಕಿದರೂ ವಿಚಾರಣೆ ನಡೆಯುತ್ತದೆ. ನನ್ನ ಗಂಡ ಗೂಡ್ಸ್ ಗಾಡಿಯ ಗಾರ್ಡ್. ವಾರದಲ್ಲಿ ನಾಲ್ಕು ದಿನ ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಇರುತ್ತಾನೆ. ಆ ನಾಲ್ಕು ದಿನ ಅವನು ಪರಮಸುಖಿ ಎಂಬುದು ನನ್ನ ಅನುಮಾನ.

ಅತ್ತೆಯ ಮಾತಿಗೆ ನಾನು ನಕ್ಕುಬಿಡಬಹುದಿತ್ತು. ನಗಲಿಲ್ಲ, ಏಕೆಂದರೆ ಅಂದು ಬೆಳಿಗ್ಗೆ ನನ್ನ ಚಿತ್ರವನ್ನು ಸ್ಟ್ಯಾಂಡಿಗೆ ಏರಿಸಿ, ಬಾಗಿಲ ತನಕ ಹಿಂದೆ ಸರಿದು ನೋಡಿದಾಗ ನನಗೂ ಅದೇ ಅನಿಸಿತ್ತು. ಹಿಂದಿನ ವಾರ ನಾನು ಬಿಟ್ಟುಹೋದದ್ದು ಕೆಸರು. ಈಗ ಅಲ್ಲಿ ನದಿ ಇತ್ತು. ಸೇತುವೆಯ ಕೆಳಗಿನ ನೀರಿನಲ್ಲಿ ಬೂದು, ಬೂದು ಬಣ್ಣದೊಳಗೆ ಒಂದು ಬಗೆಯ ಗುಲಾಬಿ. ಆ ಗುಲಾಬಿ ಕಲಸಿದ ನೆನಪು ನನಗಿರಲಿಲ್ಲ.

ಈ ತರಗತಿಯ ಜಾಹೀರಾತು ಸಿಕ್ಕಿದ್ದು ರೈಲಿನಲ್ಲೇ, ಬಾಗಿಲ ಪಕ್ಕದಲ್ಲಿ ಅಂಟಿಸಿದ್ದ ಒಂದು ಚೀಟಿಯಲ್ಲಿ: "ಇಂಪ್ರೆಷನಿಸ್ಟ್ ಶೈಲಿಯಲ್ಲಿ ನದಿ. ಎಣ್ಣೆಬಣ್ಣ. ಹತ್ತು ಭಾನುವಾರ." ಅನುಮತಿ ಇಲ್ಲದೆ ಅಂಟಿಸಿದ್ದು. ಕಿತ್ತುಹಾಕುವುದು ನನ್ನ ಕೆಲಸ. ಕಿತ್ತೆ, ಜೇಬಿಗೆ ಹಾಕಿಕೊಂಡೆ. ನನ್ನ ರೈಲು ದಿನಕ್ಕೆ ಹದಿನಾಲ್ಕು ಸಲ ಆ ನದಿ ದಾಟುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ನಾನು ನೋಡುವುದು ಜನರ ಕೈಗಳನ್ನು. ಟಿಕೆಟ್ ಇಲ್ಲದವನು ಮುಖದಲ್ಲಿ ಎಷ್ಟೇ ನಟಿಸಲಿ, ಕೈ ಜೇಬಿನ ಹತ್ತಿರ ಹೋಗಿ ಅಲ್ಲೇನೋ ಇರುವ ಹಾಗೆ ಮಾಡಿ ವಾಪಸ್ ಬರುತ್ತದೆ. ಡಬ್ಬಿಯೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಬೆನ್ನ ಹಿಂದೆ ನನ್ನ ಹೆಸರು ಹದ್ದು. ನನ್ನನ್ನು ನೋಡಿ ಖುಷಿಪಟ್ಟ ಮನುಷ್ಯ ಆ ರೈಲಿನಲ್ಲಿ ಇನ್ನೂ ಹತ್ತಿಲ್ಲ.

ಅಂಥವಳು ಒಂದು ಒಳ್ಳೆಯ ವಸ್ತುವನ್ನು ಮಾಡಿದ್ದಾಳೆಂದರೆ ಅದು ನಿಜವಾಗಿ ಅವಳದ್ದೇ ಎಂದು ಖಾತ್ರಿ ಬೇಕಲ್ಲ. ನನಗೆ ಬೇಕಿದ್ದದ್ದು ಅಷ್ಟೇ.

ತರಗತಿ ಇದ್ದದ್ದು ನದಿ ದಂಡೆಯ ಹಳೆಯ ಐಸ್ ಫ್ಯಾಕ್ಟರಿಯಲ್ಲಿ. ಕೆಳಗೆ ಟೈರ್ ಅಂಗಡಿ, ನಡುವೆ ಎರಡು ಖಾಲಿ ಮಹಡಿ, ಮೇಲೆ ಮೂರು ದೊಡ್ಡ ಕಿಟಕಿಗಳ ಉದ್ದನೆಯ ಕೋಣೆ. ಕಿಟಕಿಯಾಚೆ ನದಿ, ರೈಲು ಸೇತುವೆ, ದೋಣಿ ರಿಪೇರಿಯ ತಗಡಿನ ಶೆಡ್ಡು, ಆಚೆ ದಡದಲ್ಲಿ ಒಂದು ಸಾಲು ಮರ. ಮೇಷ್ಟ್ರಿಗೆ ಅರವತ್ತರ ಹತ್ತಿರ. ಹೆಗಲ ಮೇಲೆ ಬಣ್ಣದ ಬಟ್ಟೆ, ಎರಡೂ ಕೈ ಸದಾ ಬೆನ್ನ ಹಿಂದೆ. ಕೈ ಬೆನ್ನ ಹಿಂದೆ ಇಟ್ಟುಕೊಳ್ಳುವವರ ಬಗ್ಗೆ ನನ್ನ ಇಲಾಖೆಯಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ.

ಅವರ ನಿಯಮಗಳೂ ಹಾಗೇ ಇದ್ದವು. ಒಳಗೆ ಬರುವಾಗ ಫೋನುಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಫೋನಿನ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ. ಹನ್ನೊಂದು ಗಂಟೆಗೆ ಬೆಳಕು ಬದಲಾಗುತ್ತದೆ, ಬ್ರಷ್ ಕೆಳಗಿಡಬೇಕು. ಮುಗಿಯುವ ತನಕ ಚಿತ್ರ ಮನೆಗೆ ಒಯ್ಯುವಂತಿಲ್ಲ. ಹೊರಡುವಾಗ ಪ್ರತಿಯೊಬ್ಬರೂ ತಮ್ಮ ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ಇಡಬೇಕು. ಮುಂದಿನ ಭಾನುವಾರದ ತನಕ ಅವು ಹಾಗೇ ಇರುತ್ತವೆ. ಎಂಟು ಒದ್ದೆ ನದಿಗಳು ಆರು ದಿನ ಬೀಗ ಹಾಕಿದ ಕೋಣೆಯಲ್ಲಿ, ಕೀಲಿಕೈ ಮೇಷ್ಟ್ರ ಹತ್ತಿರ. ನಾನು ಹಾಗೆ ತಿಳಿದಿದ್ದೆ.

ಮೊದಲ ವಾರ ಕ್ಯಾನ್ವಾಸಿಗೆ ತೆಳುವಾದ ಕೆಂಗಂದು ಬಣ್ಣ ಬಳಿದು ಒರೆಸಿದೆವು. ಎರಡನೇ ವಾರ ಕತ್ತಲಿರುವ ಕಡೆ ಮಾತ್ರ, ಅದೂ ಕಪ್ಪು ಮುಟ್ಟದೆ, ನೀಲಿ ಮತ್ತು ಕಂದು ಕಲಸಿ. ನಾನು ಬರೆದ ನೀರು ಟಾರು ರಸ್ತೆಯ ಹಾಗಿತ್ತು.

"ನೀರು ಅಂತ ಗೊತ್ತಿರೋದನ್ನ ಬರೆದಿದ್ದೀರಿ," ಎಂದರು ಮೇಷ್ಟ್ರು. "ಅಲ್ಲಿ ನೀರೆಲ್ಲಿದೆ? ಆಕಾಶ ಇದೆ, ಸೇತುವೆ ಇದೆ, ತಲೆಕೆಳಗಾಗಿ ಅಲ್ಲಾಡ್ತಾ ಇದೆ. ಕಣ್ಣು ಅರ್ಧ ಮುಚ್ಚಿ ನೋಡಿ. ಅದನ್ನ ಬರೀರಿ. ಒಂದು ಸಲ ಇಟ್ಟದ್ದನ್ನ ಮತ್ತೆ ತಿದ್ದಬೇಡಿ."

ತಿದ್ದದೆ ಇರುವುದು ಹೇಗೆ? ನನ್ನ ಬಣ್ಣ ಬ್ರಷ್ಷಿಗೆ ಅಂಟಿಕೊಂಡು ಎಳೆದಾಡುತ್ತಿತ್ತು. ಹಾಗಾಗಿ ಮೂರನೇ ವಾರದಿಂದ ಯಾರಿಗೂ ಹೇಳದೆ ಅಗಸೆ ಎಣ್ಣೆಯನ್ನು ಸ್ವಲ್ಪ ಜಾಸ್ತಿ ಸೇರಿಸಿಕೊಳ್ಳತೊಡಗಿದೆ. ಆಮೇಲೆ ಬಣ್ಣ ಬೆಣ್ಣೆಯ ಹಾಗೆ ಜಾರಿತು. ಒಂದು ಗೆರೆ, ಕೈ ಎತ್ತುವುದು, ಇನ್ನೊಂದು ಗೆರೆ.

ಐದನೇ ವಾರ ಅತ್ತೆ ಆ ಮಾತು ಆಡಿದರು.

ಆರನೇ ವಾರ ಮೆಟ್ಟಿಲಲ್ಲಿ ಹಲ್ಲಿನ ಡಾಕ್ಟರ್ ನನ್ನನ್ನು ತಡೆದು ನಿಲ್ಲಿಸಿದ. ಅವನ ಸ್ಟ್ಯಾಂಡು ನನ್ನ ಎಡಕ್ಕೆ. ಅವನು ಬರೆದ ಮರಗಳು ಬಾಚಿಹಲ್ಲುಗಳ ಹಾಗಿದ್ದವು.

"ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ," ಎಂದ ಮೆಲ್ಲಗೆ. "ಮೇಷ್ಟ್ರು ಮೊದಲು ದೊಡ್ಡ ಚಿತ್ರಶಾಲೆಯಲ್ಲಿದ್ರು ಗೊತ್ತಾ? ಅಲ್ಲಿಂದ ಯಾಕೆ ಹೊರಗೆ ಬಂದ್ರು?"

"ಯಾಕೆ?"

"ವಿದ್ಯಾರ್ಥಿಗಳ ಚಿತ್ರ ತಾವೇ ತಿದ್ತಿದ್ರಂತೆ. ಯಾರಿಗೂ ಗೊತ್ತಾಗದ ಹಾಗೆ. ಒಂದು ಹುಡುಗಿಗೆ ಬಹುಮಾನ ಬಂತು, ಆಮೇಲೆ ವಿಷಯ ಹೊರಗೆ ಬಿತ್ತು. ಹುಡುಗಿ ಬ್ರಷ್ ಮುಟ್ಟೋದೇ ಬಿಟ್ಟಳಂತೆ."

"ನಿಮಗೆ ಯಾರು ಹೇಳಿದ್ದು?"

"ನನ್ನ ಹತ್ರ ಹಲ್ಲು ತೋರಿಸೋಕೆ ಬರೋರು ಸುಮ್ನೆ ಬಾಯಿ ತೆರೆದು ಕೂರ್ತಾರೆ ಅಂದ್ಕೊಂಡ್ರಾ?"

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು ಎಂದರೆ ಸುಳ್ಳಾಗುತ್ತದೆ. ನಾನು ಚೆನ್ನಾಗಿಯೇ ಮಲಗಿದೆ. ಕೆಟ್ಟದ್ದು ಬೇರೆ. ಬರೆಯುವಾಗ ಬ್ರಷ್ಷಿನ ಮೇಲಿದ್ದ ಕಣ್ಣು ಮೇಷ್ಟ್ರ ಮೇಲೆ ಹೋಯಿತು. ಅವರು ಯಾರ ಹಿಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಲೆಕ್ಕ ಇಟ್ಟೆ. ನನ್ನ ಹಿಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು, ಹೇಳದೆ, ಮುಂದಿನವರ ಹತ್ತಿರ ಹೋಗುತ್ತಿದ್ದರು.

ಏಳನೇ ವಾರ ಎಲ್ಲರಿಗೂ ಒಂದೊಂದು ಅರ್ಜಿ ಕೊಟ್ಟರು. ಕೊನೆಯ ಭಾನುವಾರದ ನಂತರ ಪುರಸಭೆ ಗ್ರಂಥಾಲಯದ ಹಾಲಿನಲ್ಲಿ ನಮ್ಮ ಚಿತ್ರಗಳನ್ನು ತೂಗುಹಾಕುತ್ತಾರಂತೆ. ಅರ್ಜಿಯ ಕೆಳಗೆ ಎರಡು ಸಾಲು: "ಈ ಚಿತ್ರ ಸಂಪೂರ್ಣವಾಗಿ ನನ್ನ ಸ್ವಂತ ರಚನೆ ಎಂದು ದೃಢೀಕರಿಸುತ್ತೇನೆ. ಇತರರ ನೆರವು ಪಡೆದಿದ್ದಲ್ಲಿ ವಿವರ ನೀಡುವುದು." ಉಳಿದವರು ಅಲ್ಲೇ ಗೀಚಿ ಕೊಟ್ಟರು. ನಾನು ಮಡಿಸಿ ಜೇಬಿಗೆ ಹಾಕಿಕೊಂಡೆ. ಹನ್ನೊಂದು ವರ್ಷ ಬೇರೆಯವರ ಕಾಗದದಲ್ಲಿ ಸುಳ್ಳು ಹುಡುಕಿದವಳು ಕಣ್ಣು ಮುಚ್ಚಿ ಸಹಿ ಹಾಕಲು ಆಗುತ್ತದೆಯೇ?

ನಮ್ಮ ಕೆಲಸದಲ್ಲಿ ಒಂದು ಉಪಾಯವಿದೆ. ನಾವು ನೋಡಿ ಕೊಟ್ಟ ಟಿಕೆಟನ್ನು ಕೆಲವರು ಇಳಿಯುವಾಗ ಇನ್ನೊಬ್ಬರಿಗೆ ದಾಟಿಸುತ್ತಾರೆ. ಹಾಗಾಗಿ ಅನುಮಾನ ಬಂದ ಟಿಕೆಟಿನ ಮೂಲೆಯಲ್ಲಿ ನಾವು ಉಗುರಿನಿಂದ ಒಂದು ಸಣ್ಣ ಗೀರು ಒತ್ತಿ ವಾಪಸ್ ಕೊಡುತ್ತೇವೆ. ಅದು ಹಿಡಿದವನಿಗೆ ಕಾಣುವುದಿಲ್ಲ. ಅದೇ ಟಿಕೆಟ್ ಇನ್ನೊಂದು ಕೈಯಲ್ಲಿ ಬಂದರೆ ನಮ್ಮ ಹೆಬ್ಬೆರಳಿಗೆ ಸಿಗುತ್ತದೆ.

ಅಂದು ಹೊರಡುವ ಮುಂಚೆ, ಬ್ರಷ್ ತೊಳೆಯುವ ಗಲಾಟೆಯಲ್ಲಿ, ಒದ್ದೆ ಬಣ್ಣದಲ್ಲಿ ಮೂರು ಕಡೆ ಉಗುರು ಒತ್ತಿದೆ. ಸೇತುವೆಯ ನೆರಳಲ್ಲಿ ಒಂದು, ಬಿಸಿಲು ಬಿದ್ದ ನೀರಿನಲ್ಲಿ ಒಂದು, ಆಚೆ ದಡದ ಮರಗಳಲ್ಲಿ ಒಂದು. ತಕ್ಷಣ ಕ್ಯಾನ್ವಾಸನ್ನು ಗೋಡೆಗೆ ತಿರುಗಿಸಿ ಹೊರಟೆ.

ಎಂಟನೇ ಭಾನುವಾರ ಮೊದಲು ಬಂದವಳು ನಾನು. ತಿರುಗಿಸಿದೆ. ಮರಗಳಲ್ಲಿ ಗೀರು ಇತ್ತು. ನೆರಳಲ್ಲಿ ಇಲ್ಲ. ನೀರಿನಲ್ಲಿ ಇಲ್ಲ. ಅಲ್ಲಿ ಬಣ್ಣ ನುಣ್ಣಗೆ, ಏನೂ ಆಗಿಲ್ಲದ ಹಾಗೆ ಇತ್ತು.

ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ: ಮೊದಲು ಬಂದದ್ದು ದುಃಖವಲ್ಲ, ಖುಷಿ. ಸಿಕ್ಕಿಬಿದ್ದ. ಶೌಚಾಲಯದಲ್ಲಿ ಅಡಗಿದವನು ಬಾಗಿಲು ತೆರೆದಾಗ ಎದೆಯಲ್ಲಿ ಏಳುವ ಅದೇ ಖುಷಿ.

ಎಲ್ಲರೂ ಬಂದು ಕೂರುವ ತನಕ ಕಾದೆ. ಮೇಷ್ಟ್ರು ಕಿಟಕಿಯ ಹತ್ತಿರ ನಿಂತು ಬೆಳಕು ನೋಡುತ್ತಿದ್ದರು.

"ಮೇಷ್ಟ್ರೇ, ಒಂದು ನಿಮಿಷ ಬನ್ನಿ," ಎಂದೆ. ಅದು ನನ್ನ ರೈಲಿನ ದನಿ. ಕೋಣೆ ಗಪ್‌ಚುಪ್ಪಾಯಿತು. "ಈ ಆರು ದಿನದಲ್ಲಿ ನನ್ನ ಚಿತ್ರ ಯಾರು ಮುಟ್ಟಿದ್ದಾರೆ?"

"ಯಾರೂ ಇಲ್ಲ."

"ನಾನು ಗುರುತು ಹಾಕಿ ಹೋಗಿದ್ದೆ. ಮೂರರಲ್ಲಿ ಎರಡು ಇಲ್ಲ. ಮೇಲಿಂದ ಬಣ್ಣ ಬಂದಿದೆ."

ಹಲ್ಲಿನ ಡಾಕ್ಟರ್ ಎದ್ದು ನಿಂತ. "ನನ್ನದ್ರಲ್ಲೂ ಈ ನೀಲಿ ನಾನು ಹಾಕಿದ್ದಲ್ಲ ಅನ್ಸುತ್ತೆ." ಅವನ ಹಿಂದೆ ಇನ್ನಿಬ್ಬರು ತಮ್ಮ ತಮ್ಮ ನದಿಯೊಳಗೆ ಮೂಗು ತೂರಿಸಿ ಹುಡುಕತೊಡಗಿದರು. ಹುಡುಕಿದರೆ ಸಿಗದೇ ಇರುತ್ತದೆಯೇ? ಎಲ್ಲರಿಗೂ ಒಂದೊಂದು ಅಪರಿಚಿತ ಗೆರೆ ಸಿಕ್ಕಿತು.

"ನನ್ನದನ್ನ ಯಾರೂ ಮುಟ್ಟಿಲ್ಲಪ್ಪ," ಎಂದರು ನಿವೃತ್ತ ಅಂಚೆಯವರು, ಮೂಲೆಯಿಂದ. "ಮುಟ್ಟಿದ್ರೆ ಹೀಗಿರ್ತಿತ್ತಾ? ಎಮ್ಮೆ ಮೈ ಉಜ್ಜಿದ ಗೋಡೆ ಹಾಗಿದೆ. ದಯವಿಟ್ಟು ಯಾರಾದ್ರೂ ಮುಟ್ಟಿ."

ಯಾರೂ ನಗಲಿಲ್ಲ. ಮೇಷ್ಟ್ರು ನನ್ನ ಚಿತ್ರದ ಹತ್ತಿರ ಬಂದು ಬಗ್ಗಿ, ಉಳಿದಿದ್ದ ಗೀರನ್ನು ನೋಡಿದರು. ಆಮೇಲೆ ನನ್ನ ಎಣ್ಣೆ ಬಟ್ಟಲನ್ನು.

"ಮರ ಯಾವುದರಿಂದ ಬರೆದ್ರಿ?"

"ಚಾಕುವಿಂದ. ಟ್ಯೂಬಿನ ಬಣ್ಣ ಹಾಗೇ."

"ನೀರು?"

ನನ್ನ ಕಣ್ಣೂ ಎಣ್ಣೆ ಬಟ್ಟಲಿಗೆ ಹೋಯಿತು. ಅವರು ಬಣ್ಣ ಕಲಸುವ ನನ್ನ ಗಾಜಿನ ಪ್ಯಾಲೆಟ್ಟನ್ನು ಮೇಜಿನ ಮೇಲೆ ಇಟ್ಟರು. "ನೀವು ನೀರಿಗೆ ಹೇಗೆ ಕಲಸ್ತೀರೋ ಹಾಗೇ ಕಲಸಿ. ಪಕ್ಕದಲ್ಲಿ ಟ್ಯೂಬಿಂದ ಒಂದಿಷ್ಟು ಹಾಗೇ ಹಾಕಿ. ಎರಡರಲ್ಲೂ ಉಗುರು ಒತ್ತಿ. ಅರ್ಧ ಗಂಟೆ ಕಾಯೋಣ."

ಕಲಸಿದೆ. ಒತ್ತಿದೆ. ಎಂಟು ಜನ ಮೇಜಿನ ಸುತ್ತ ಎರಡು ಉಗುರಿನ ಗೀರು ನೋಡುತ್ತಾ ನಿಂತೆವು. ಅನುಮಾನಿಸುವವರಿಗೆ ಅರ್ಧ ಗಂಟೆ ಬಹಳ ದೊಡ್ಡದು. ಸುಮ್ಮನಿರಲಾಗದೆ ನಾನು ಕೇಳಿದೆ:

"ಚಿತ್ರಶಾಲೆ ಯಾಕೆ ಬಿಟ್ರಿ?"

ಮೇಷ್ಟ್ರು ಹಲ್ಲಿನ ಡಾಕ್ಟರನ್ನು ನೋಡಿದರು. ಅವನು ಕಿಟಕಿ ನೋಡಿದ.

"ಬಿಡಲಿಲ್ಲ. ಬಿಡಿಸಿದ್ರು," ಎಂದರು. "ನಿಮಗೆ ಯಾರು ಏನು ಹೇಳಿದ್ರೋ ಅದು ನಿಜ. ಒಂದು ಹುಡುಗಿ ಚಿತ್ರಕ್ಕೆ ಒಂದೇ ಒಂದು ಗೆರೆ ಬೇಕಿತ್ತು. ಎಲ್ಲಿ ಅಂತ ನನಗೆ ಕಾಣ್ತಿತ್ತು, ಅವಳಿಗೆ ಕಾಣ್ತಿರಲಿಲ್ಲ. ಅವಳು ಊಟಕ್ಕೆ ಹೋದಾಗ ಇಟ್ಟೆ. ಆಮೇಲೆ ಇನ್ನೊಬ್ಬರದ್ರಲ್ಲಿ ಇಟ್ಟೆ. ಚಟ."

"ಹಾಗಾದ್ರೆ ಇಲ್ಲೂ?"

"ಕಣ್ಣಿಗೆ ಬಿದ್ರೆ ಇಲ್ಲೂ ಇಡ್ತಿದ್ದೆ. ಅದಕ್ಕೇ ಗೋಡೆಗೆ ತಿರುಗಿಸಿ ಅನ್ನೋದು. ನೀವು ನೋಡಬಾರದು ಅಂತ ಅಲ್ಲ. ಕೀಲಿಕೈ ನನ್ನ ಹತ್ರ ಇರಲ್ಲ. ಕೆಳಗೆ ಟೈರ್ ಅಂಗಡೀಲಿ ಇರುತ್ತೆ," ಎಂದರು.

ಕೇಳಿದ ಮಾತನ್ನು ಅಲ್ಲೇ ನಂಬುವ ಜಾತಿ ನನ್ನದಲ್ಲ. ಮೂರು ಮಹಡಿ ಇಳಿದು ಹೋದೆ. ಟೈರ್ ಅಂಗಡಿಯವನು ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ.

"ಮೇಲಿನ ಕೋಣೆ ಕೀಲಿ ಎಲ್ಲಿರುತ್ತೆ?"

"ಅದೋ, ಆ ಮೊಳೆಯಲ್ಲಿ. ಭಾನುವಾರ ಬಿಟ್ಟು ಕೊಡೋ ಹಾಗಿಲ್ಲ."

"ಮೇಷ್ಟ್ರು ಕೇಳಿದ್ರೂ?"

"ಅವರು ಕೇಳಿದ್ರೇ ಕೊಡಬಾರದು ಅಂತ ಅವರೇ ಹೇಳಿರೋದು. ವಿಚಿತ್ರ ಮನುಷ್ಯ." ಅವನು ಟ್ಯೂಬನ್ನು ಹೊರಳಿಸಿದ. "ಎರಡು ಸಲ ವಾರದ ಮಧ್ಯೆ ಬಂದಿದ್ರು. ಮೆಟ್ಟಿಲ ಹತ್ರ ಸುಮಾರು ಹೊತ್ತು ನಿಂತ್ಕೊಂಡಿದ್ರು. ಕೊಡಲ್ಲ ಅಂದೆ. ಸರಿ ಅಂತ ವಾಪಸ್ ಹೋದ್ರು. ಯಾಕೆ, ಏನಾದ್ರೂ ಕಳುವಾಯ್ತಾ?"

ನಾನು ಮೇಲೆ ಹೋದಾಗ ಅರ್ಧ ಗಂಟೆ ಆಗಿರಲಿಲ್ಲ. ಆದರೂ ಎಣ್ಣೆ ಕಲಸಿದ ಬಣ್ಣದಲ್ಲಿ ಗೀರು ಮುಕ್ಕಾಲು ತುಂಬಿಕೊಂಡಿತ್ತು. ಕೆರೆಯಲ್ಲಿ ಕೋಲು ಎಳೆದ ಹಾಗೆ. ನಾವು ನೋಡುತ್ತಿದ್ದಂತೆಯೇ ಅದು ಪೂರ್ತಿ ಮುಚ್ಚಿಹೋಯಿತು. ಟ್ಯೂಬಿನ ಬಣ್ಣದಲ್ಲಿ ಒತ್ತಿದ್ದು ಕತ್ತರಿಸಿಟ್ಟ ಹಾಗೆ ಉಳಿದಿತ್ತು.

"ಎಣ್ಣೆ ಜಾಸ್ತಿ," ಎಂದರು ಮೇಷ್ಟ್ರು. "ನಿಮ್ಮ ನೀರೆಲ್ಲ ಒಣಗೋಕೆ ತಿಂಗಳುಗಟ್ಟಲೆ ಬೇಕು. ಆಮೇಲೆ ಹಳದಿಗೆ ತಿರುಗುತ್ತೆ."

"ಆದ್ರೆ ಪ್ರತಿ ವಾರ ಬರುವಾಗ ಚೆನ್ನಾಗಿ ಕಾಣುತ್ತಲ್ಲ?"

"ಬಿಡುವಾಗ ಮೂಗು ತಾಗೋ ಹಾಗೆ ನಿಂತಿರ್ತೀರಿ. ಬಂದಾಗ ಸ್ಟ್ಯಾಂಡಿಗೆ ಇಟ್ಟು ಬಾಗಿಲ ಹತ್ರ ಹೋಗಿ ನೋಡ್ತೀರಿ."

ಅಷ್ಟೇ. ಅಂಚೆಯವರು "ಮೇಷ್ಟ್ರ ಹತ್ರ ಟಿಕೆಟ್ ಇದೆಯಲ್ಲಪ್ಪ," ಎಂದು ಗೊಣಗಿದರು. ಈ ಸಲವೂ ಯಾರೂ ನಗಲಿಲ್ಲ. ಗೀರಿನ ವಿಷಯದಲ್ಲಿ ಮೇಷ್ಟ್ರು ಗೆದ್ದಿದ್ದರು, ಆದರೆ ಜನರ ಕಿವಿಯಲ್ಲಿ ಉಳಿದದ್ದು ಆ ಇನ್ನೊಂದು ಮಾತು, ಚಟ. ಹಲ್ಲಿನ ಡಾಕ್ಟರ್ ತನ್ನ ಒದ್ದೆ ಚಿತ್ರವನ್ನು ಮೈಯಿಂದ ದೂರ ಹಿಡಿದು ಹೊರಟ. ಅವನ ಹಿಂದೆ ಒಬ್ಬೊಬ್ಬರೇ ನೆಪ ಹೇಳಿ ಹೊರಟರು. ಹನ್ನೊಂದು ಗಂಟೆಗೆ ಉಳಿದವರು ನಾನು ಮತ್ತು ಅಂಚೆಯವರು.

ಕ್ಷಮಿಸಿ ಎನ್ನಬೇಕಿತ್ತು. ರೈಲಿನಲ್ಲಿ ನಾನು ತಪ್ಪಾಗಿ ಹಿಡಿದವರಿಗೆ "ಸರಿ, ಕೂತ್ಕೊಳ್ಳಿ" ಎಂದು ಮುಂದೆ ಹೋಗಿ ಅಭ್ಯಾಸ. ಆ ಪದ ಬಾಯಿಗೆ ಬರಲಿಲ್ಲ. ಬದಲಿಗೆ ಕೇಳಿದೆ:

"ನನ್ನ ಹಿಂದೆ ಅಷ್ಟು ಹೊತ್ತು ಯಾಕೆ ನಿಲ್ತಿದ್ರಿ?"

"ನಿಮ್ಮ ಚಿತ್ರಕ್ಕೂ ಒಂದು ಗೆರೆ ಬೇಕು," ಎಂದರು ಅವರು. ಆಗಲೇ ಕಿಟಕಿ ಮುಚ್ಚುತ್ತಿದ್ದರು.

ಮನೆಯಲ್ಲಿ ಅತ್ತೆಗೆ ಹೇಳಿದೆ, ಯಾರೂ ಮುಟ್ಟಿಲ್ಲ, ಅದು ನನ್ನ ಕೈಯೇ ಎಂದು. ಅತ್ತೆ ಸೂಜಿಗೆ ದಾರ ಪೋಣಿಸುತ್ತಾ, "ಹಾಗಾದ್ರೆ ಗುಂಡಿ ಮಾತ್ರ ಹಾಗೆ ಯಾಕೆ ಹೊಲೀತೀಯ? ನನ್ನ ಮೇಲೆ ದ್ವೇಷಕ್ಕಾ?" ಎಂದರು. ಆಮೇಲೆ ದಾರದ ತುದಿಗೆ ಗಂಟು ಹಾಕಿ, "ಪಾಪ, ಆ ಮೇಷ್ಟ್ರಿಗೆ ಏನಂದೆ?" ಎಂದು ಕೇಳಿದರು. ನಾನು ಟ್ಯಾಪ್ ಜೋರಾಗಿ ತಿರುಗಿಸಿ ಪಾತ್ರೆ ತೊಳೆದೆ.

ಚಿತ್ರ ನನ್ನದು. ಆ ಖಾತ್ರಿ ಈಗ ಸಿಕ್ಕಿತ್ತು. ಅರ್ಜಿಗೆ ಸಹಿ ಹಾಕಬಹುದಿತ್ತು. ಆದರೆ ಈಗ ನನ್ನದಾದ ಆ ಚಿತ್ರದಲ್ಲಿ ಏನೋ ಒಂದು ಇಲ್ಲ, ಅದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಆ ವಾರ ಮೊದಲ ಸಲ ಸೇತುವೆ ದಾಟುವಾಗ ಬಾಗಿಲಲ್ಲಿ ನಿಂತು ನೀರು ನೋಡಿದೆ. ಒಂಬತ್ತನೇ ಭಾನುವಾರ ಎಣ್ಣೆ ಇಲ್ಲದೆ ಬರೆದೆ. ಶೆಡ್ಡಿನ ತಗಡಿಗೆ ಬಿಳಿ ಇಟ್ಟೆ, ಕೆರೆದು ತೆಗೆದೆ. ದಡಕ್ಕೆ ಹಸಿರು ಇಟ್ಟೆ, ತೆಗೆದೆ. ಮೇಷ್ಟ್ರ ಮುಖ ನೋಡುತ್ತಾ ಬ್ರಷ್ಷನ್ನು ಕ್ಯಾನ್ವಾಸಿನ ಮೇಲೆ ನಿಧಾನ ಸರಿಸಿದೆ, ಎಲ್ಲಿ ಅವರ ಕಣ್ಣು ಅಲುಗುತ್ತದೆಂದು. ಅವರು ಕಣ್ಣು ಮುಚ್ಚಿಕೊಂಡರು.

ಹತ್ತನೇ ಭಾನುವಾರ ಅಂಚೆಯವರಿಗೆ ಜ್ವರ. ಕೋಣೆಯಲ್ಲಿ ನಾವಿಬ್ಬರೇ. ಒಂಬತ್ತೂವರೆಗೆ ನಾನು ಸೋತೆ.

"ಆ ಗೆರೆ ನೀವೇ ಇಡಿ," ಎಂದು ಬ್ರಷ್ ಚಾಚಿದೆ.

"ಬೇಡ."

"ನಾನೇ ಕೇಳ್ತಿದ್ದೀನಲ್ಲ. ಕದ್ದು ಇಡೋದಕ್ಕೂ ಕೇಳಿದ ಮೇಲೆ ಇಡೋದಕ್ಕೂ ವ್ಯತ್ಯಾಸ ಇಲ್ವಾ?"

"ಗ್ರಂಥಾಲಯಕ್ಕೆ ಏನಂತ ಬರೆದುಕೊಡ್ತೀರಿ?"

"ಇದ್ದದ್ದು ಇದ್ದ ಹಾಗೆ ಬರೀತೀನಿ."

ಅವರ ಕೈಗಳು ಬೆನ್ನ ಹಿಂದಿನಿಂದ ಬರಲು ಬಹಳ ಹೊತ್ತು ಹಿಡಿಯಿತು. ಬ್ರಷ್ ತೆಗೆದುಕೊಂಡರು. "ಆ ಕಡೆ ತಿರುಗಿ," ಎಂದರು. "ನೋಡ್ತಾ ನಿಂತ್ರೆ ಆಗಲ್ಲ ನನಗೆ. ಅದರಲ್ಲೂ ನೀವು."

ನಾನು ಕಿಟಕಿಗೆ ಮುಖ ಮಾಡಿದೆ. ನದಿಯ ಮೇಲೆ ಒಂದು ದೋಣಿ ಅಡ್ಡಡ್ಡ ಹೋಗುತ್ತಿತ್ತು. ಬೆನ್ನ ಹಿಂದೆ ಚಾಕು ಗಾಜಿನ ಮೇಲೆ ಉಜ್ಜಿದ ಸದ್ದು, ಆಮೇಲೆ ಏನೂ ಇಲ್ಲ. ಇಡುತ್ತಿದ್ದಾರೋ, ಸುಮ್ಮನೆ ನಿಂತಿದ್ದಾರೋ, ನನ್ನನ್ನು ಆಟ ಆಡಿಸುತ್ತಿದ್ದಾರೋ. ಒಂದು ಸಲ ಕತ್ತು ತಿರುಗಿಸಲು ಹೋಗಿ ತಡೆದುಕೊಂಡೆ. ದೋಣಿ ಸೇತುವೆಯ ಕೆಳಗೆ ಮರೆಯಾಯಿತು.

"ಆಯ್ತು."

ತಿರುಗಿದೆ. ಬ್ರಷ್ ಡಬ್ಬಿಯಲ್ಲಿತ್ತು, ಅವರು ಗೋಡೆಯ ಹತ್ತಿರ. ಚಿತ್ರ ಚೆನ್ನಾಗಿತ್ತು. ನೀರು ಸೇತುವೆಯ ಕೆಳಗಿನಿಂದ ಹೊರಬಂದು ನಮ್ಮ ಕಡೆ ಹರಿಯುತ್ತಿತ್ತು. ಅದು ಮೊದಲೂ ಹಾಗೇ ಇತ್ತೇ? ಎಡದಿಂದ ಬಲಕ್ಕೆ, ಮೇಲಿಂದ ಕೆಳಗೆ, ರೈಲು ಡಬ್ಬಿಯಲ್ಲಿ ಸೀಟು ಸೀಟು ನೋಡುವ ಹಾಗೆ ನೋಡಿದೆ. ಎಲ್ಲ ಗೆರೆಗಳೂ ನನ್ನವೇ ಎಂಬ ಮುಖ ಮಾಡಿಕೊಂಡು ಕೂತಿದ್ದವು.

"ಇಟ್ಟಿದ್ದೀರಾ ನಿಜವಾಗ್ಲೂ?"

ಅವರು ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡರು. ಹೌದು ಎಂದಿದ್ದರೂ ನಾನು ನಂಬುತ್ತಿರಲಿಲ್ಲ ಅನ್ನಿ. ಸೇತುವೆಯ ನೆರಳು ಮುಗಿದು ಬಿಸಿಲು ಶುರುವಾಗುವ ಅಂಚಿನಲ್ಲಿ ಒಂದು ಕಿತ್ತಳೆ ಬಣ್ಣದ ಗೆರೆ ಇತ್ತು, ಅಕ್ಕಿಕಾಳಿನಷ್ಟು. ಅದು ಹಸಿಯೋ, ಹಳೆಯದೋ? ಯೋಚಿಸುವ ಮುಂಚೆ ಹೆಬ್ಬೆರಳು ಹೋಗಿ ಅದರ ಮೇಲೆ ಕೂತಿತು.

ಹಸಿ.

ಬೆರಳು ತೆಗೆದಾಗ ಕಿತ್ತಳೆ ನನ್ನ ಹೆಬ್ಬೆರಳಿಗೆ ಬಂದಿತ್ತು. ಚಿತ್ರದಲ್ಲಿ ಉಳಿದದ್ದು ನೆರಳಿನ ನೀಲಿಯೊಂದಿಗೆ ಕಲಸಿದ ಒಂದು ಮಣ್ಣಿನ ಕಲೆ. ನೀರು ನಿಂತುಹೋಯಿತು. ಕಣ್ಣೆದುರಿಗೇ, ಹರಿಯುತ್ತಿದ್ದ ನದಿ ಮತ್ತೆ ಬಣ್ಣ ಬಳಿದ ಬಟ್ಟೆಯಾಯಿತು.

"ಅಯ್ಯೋ," ಎಂದರು ಮೇಷ್ಟ್ರು. "ಕಣ್ಣಿಂದ ನೋಡೋಕೆ ಆಗ್ಲಿಲ್ವಾ ನಿಮಗೆ?"

"ತಪ್ಪಾಯ್ತು," ಎಂದೆ. ಈ ಸಲ ಅದು ತಾನಾಗಿ ಬಂತು. "ಇವತ್ತಿಂದಲ್ಲ. ಅವತ್ತಿಂದು. ಎಲ್ಲರ ಮುಂದೆ ಹಾಗೆ ಕೇಳಬಾರದಿತ್ತು."

ಅವರು ಹೆಗಲ ಬಟ್ಟೆ ತೆಗೆದು ನನ್ನ ಕಡೆ ಎಸೆದರು. ನಾನು ಬೆರಳು ಒರೆಸಿಕೊಂಡು, ಜೇಬಿನಲ್ಲಿ ಮೂರು ವಾರದಿಂದ ಇದ್ದ ಅರ್ಜಿ ಬಿಡಿಸಿ, ನೆರವಿನ ವಿವರ ಎಂದಿದ್ದ ಕಡೆ ಬರೆದೆ: "ಒಂದು ಗೆರೆ ಮೇಷ್ಟ್ರು ಇಟ್ಟರು. ನಾನು ಅಳಿಸಿದೆ. ಅದು ಎಲ್ಲಿ ಬೇಕು ಎಂಬುದು ಅವರಿಂದ ಗೊತ್ತಾಯಿತು." ಸಹಿ ಹಾಕಿದೆ. ಅವರು ದೂರದಿಂದಲೇ ಕತ್ತು ಉದ್ದ ಮಾಡಿ ಓದಿದರು.

"ಇದನ್ನ ಅವರು ತಗೊಳ್ಳಲ್ಲ."

"ಗೊತ್ತು."

"ಮತ್ತೆ ಯಾಕೆ ಬರೀತೀರಿ? ಯಾರಿಗೂ ಗೊತ್ತಾಗಲ್ಲ."

"ಹನ್ನೊಂದು ವರ್ಷದಲ್ಲಿ ಟಿಕೆಟ್ ಇಲ್ಲ ಅಂತ ತಾನಾಗಿ ಬಂದು ಹೇಳಿದೋರು ಒಬ್ಬರೂ ಇಲ್ಲ ಮೇಷ್ಟ್ರೇ. ಹೇಗಿರುತ್ತೆ ಅಂತ ನೋಡೋಣ ಅನ್ನಿಸ್ತು."

ಹತ್ತೂ ಕಾಲಾಗಿತ್ತು. ಬೆಳಕು ಇನ್ನು ಮುಕ್ಕಾಲು ಗಂಟೆ. ಕಲೆಯನ್ನು ಚಾಕುವಿನಿಂದ ಕೆರೆದು ಬಟ್ಟೆಯಲ್ಲಿ ಒರೆಸಿದೆ. ಕೆಳಗಿನ ಕೆಂಗಂದು ಕಂಡಿತು. ನೆರಳಿನ ನೀಲಿಯನ್ನು ಟ್ಯೂಬಿನಿಂದ ಹಾಗೇ ತೆಗೆದು ಒಂದು ಸಲ ಇಟ್ಟೆ. ಇನ್ನು ಕಿತ್ತಳೆ. ಪ್ಯಾಲೆಟ್ಟಿನಲ್ಲಿ ಅವರು ಕಲಸಿದ್ದು ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಕೆರೆದು ಬಿಸಾಡಿ ನನ್ನದನ್ನು ಕಲಸಿದೆ. ಅವರದಕ್ಕಿಂತ ಕೆಂಪಾಯಿತು. ಕಿಟಕಿಯಾಚೆ ನೋಡಿದೆ, ಕಣ್ಣು ಅರ್ಧ ಮುಚ್ಚಿ. ನೆರಳು ಮುಗಿಯುವಲ್ಲಿ ಆ ಬಣ್ಣ ನಿಜವಾಗಿಯೂ ಇತ್ತು, ಬರುತ್ತಾ ಹೋಗುತ್ತಾ.

ಬ್ರಷ್ ಎತ್ತಿದೆ. ಬೆನ್ನ ಹಿಂದೆ ಯಾರೋ ನಿಂತಿದ್ದಾರೆ, ಉಸಿರು ಹಿಡಿದಿದ್ದಾರೆ, ಒಂದು ಕೈ ಮುಂದೆ ಬರುತ್ತಿದೆ ಅನ್ನಿಸಿತು. ಥಟ್ಟನೆ ತಿರುಗಿ ನೋಡಿದೆ.

ಮೇಷ್ಟ್ರು ಕೋಣೆಯ ಆ ತುದಿಯಲ್ಲಿ, ಖಾಲಿ ಸ್ಟ್ಯಾಂಡುಗಳ ನಡುವೆ, ಗೋಡೆಗೆ ಮುಖ ಮಾಡಿ ನಿಂತಿದ್ದರು.